ಬೇಸಿಗೆಯ ಕೈತೋಟದಲ್ಲಿ ಹೊದಿಕೆ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ತರಗೆಲೆಯನ್ನೋ ಬತ್ತದ ಹುಲ್ಲನ್ನೋ ಮಣ್ಣಿನ ಮೇಲೆ ಹೊದಿಕೆಯಾಗಿ ದಪ್ಪಗೆ ಹಾಸಿಯಾಗಿದೆ, ದಿನಾ ನೀರೂ ಬಿಡುತ್ತಿದ್ದೀರಿ. ಆದರೂ ಬೆಳಗ್ಗೆಯೇ ಬದನೆ ಜೋತುಬಿದ್ದಿದೆ, ಮೆಣಸಿನ ಗಿಡದ ಕೆಳಗಿನ ಎಲೆಗಳು ಹಳದಿಗಟ್ಟಿವೆ, ಟೊಮ್ಯಾಟೊ ಬುಡದಲ್ಲಿ ಬಿಳಿ ಬೂಷ್ಟು ಕಾಣುತ್ತಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಇನ್ನೊಂದು ಬಕೆಟ್ ನೀರು ಹಾಕುತ್ತಾರೆ, ಇಲ್ಲವೇ ಇನ್ನೊಂದು ಚೀಲ ಎಲೆ ಸುರಿಯುತ್ತಾರೆ. ಹತ್ತರಲ್ಲಿ ಐದಾರು ಸಲ ಇವೆರಡೂ ತಪ್ಪು ಮದ್ದೇ. ಹೊದಿಕೆಯಿಂದ ಮಣ್ಣಿಗೆ ಹೊಸದಾಗಿ ನೀರು ಬರುವುದಿಲ್ಲ. ಹಾಸಿದ ದಿನ ಮಣ್ಣು ಯಾವ ಸ್ಥಿತಿಯಲ್ಲಿತ್ತೋ ಅದನ್ನೇ ಅದು ಕಾಪಾಡಿಕೊಂಡು ಹೋಗುತ್ತದೆ. ಒಣ ಮಣ್ಣಿನ ಮೇಲೆ ಹಾಸಿದ್ದರೆ ಮಣ್ಣು ಒಣಗಿಯೇ ಇರುತ್ತದೆ.

ಮುಂದೆ ಹೇಳುವುದೆಲ್ಲ ಬಯಲುಸೀಮೆಯ ಫೆಬ್ರವರಿಯಿಂದ ಮೇ ತನಕದ ಹವೆಗೆ ಹೊಂದುವಂಥದ್ದು. ಏಪ್ರಿಲ್‌ನಲ್ಲಿ ತರಕಾರಿ ತುಂಬಿದ ಮಡಿಯೊಂದು ದಿನಕ್ಕೆ ಚದರ ಮೀಟರಿಗೆ ಸುಮಾರು 4ರಿಂದ 6 ಲೀಟರ್ ನೀರು ಕೇಳುತ್ತದೆ. ಈ ಲೆಕ್ಕ ತಲೆಯಲ್ಲಿರಲಿ, ಮತ್ತೆ ಬೇಕಾಗುತ್ತದೆ.

ಮೊದಲು ಹೊದಿಕೆ ಎತ್ತಿ ನೋಡಿ

ಮೇಲಿನಿಂದ ನೋಡಿ ಏನನ್ನೂ ತೀರ್ಮಾನಿಸಬೇಡಿ. ಬೆಳಗ್ಗೆ ನೀರು ಬಿಡುವ ಮುಂಚೆ ಮೂರು ಕಡೆ ಹೊದಿಕೆ ಸರಿಸಿ: ನೀರು ಬೀಳುವ ಜಾಗದಲ್ಲಿ, ಎರಡು ಗಿಡಗಳ ನಡುವೆ, ಮಡಿಯ ಅಂಚಿನಲ್ಲಿ. ಕುರ್ಚಿಗೆಯಿಂದ 10 ಸೆಂ.ಮೀ. ಆಳಕ್ಕೆ ಬಗೆದು, ತಳದ ಮಣ್ಣನ್ನು ಒಂದು ಹಿಡಿ ತೆಗೆದು ಹಿಸುಕಿ.

ಕೆಂಪು ಮಣ್ಣಾದರೆ ಉಂಡೆ ಕಟ್ಟಬೇಕು, ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕಾರು ಚೂರಾಗಿ ಒಡೆಯಬೇಕು. ಅದೇ ಹದ. ಉಂಡೆಯೇ ಕಟ್ಟದೆ ಪುಡಿಪುಡಿಯಾಗಿ ಉದುರಿದರೆ ಒಣಗಿದೆ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಅತಿಯಾಗಿದೆ. ಎರೆಮಣ್ಣಿನಲ್ಲಿ ಉಂಡೆ ಕಟ್ಟುವುದು ದೊಡ್ಡ ವಿಷಯವೇನಲ್ಲ, ಸ್ವಲ್ಪ ತೇವಕ್ಕೂ ಅದು ಕಟ್ಟುತ್ತದೆ. ಅಲ್ಲಿ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಯಿರಿ. 3-4 ಸೆಂ.ಮೀ. ಉದ್ದ ಬರುವ ಮೊದಲೇ ತುಂಡಾದರೆ ತೇವ ಸಾಲದು.

ಕಂಡದ್ದನ್ನು ಹೀಗೆ ಓದಿಕೊಳ್ಳಿ. ಹೊದಿಕೆ ಒದ್ದೆ, ಮಣ್ಣು ಒಣ: ನೀರು ಕೆಳಗೆ ಮುಟ್ಟುತ್ತಿಲ್ಲ. ಹೊದಿಕೆಯೂ ಒಣ, ಮಣ್ಣೂ ಒಣ: ನೀರೇ ಕಡಿಮೆ, ಇಲ್ಲವೇ ಬೇರೆ ಕಡೆ ಹರಿದು ಹೋಗುತ್ತಿದೆ. ಎರಡೂ ಒದ್ದೆ, ಗಿಡ ಮಾತ್ರ ಬಾಡಿದೆ: ತೊಂದರೆ ಬೇರಿನಲ್ಲೋ ಬುಡದಲ್ಲೋ ಇದೆ, ನೀರು ಹಾಕಿದಷ್ಟೂ ಕೆಡುತ್ತದೆ.

ಇನ್ನೊಂದು ಮಾತು. ಸೋರೆ, ಹೀರೆ, ಕುಂಬಳ, ಬದನೆಯಂಥ ಅಗಲ ಎಲೆಯ ಗಿಡಗಳು ಮಧ್ಯಾಹ್ನ ಎರಡು ಗಂಟೆಗೆ ಸೊರಗಿ ಸಂಜೆ ಆರಕ್ಕೆ ಎದ್ದು ನಿಂತರೆ ಅದು ದೋಷವೇ ಅಲ್ಲ. ಬಿಸಿಲಿನ ವೇಗಕ್ಕೆ ಬೇರು ಸರಿಗಟ್ಟಲಾಗದೆ ಎಲೆ ಜೋತುಬೀಳುತ್ತದೆ ಅಷ್ಟೆ. ಸೂರ್ಯೋದಯದ ಹೊತ್ತಿಗೂ ಬಾಡಿಕೊಂಡೇ ಇದ್ದರೆ ಆಗ ಹುಡುಕಾಟ ಶುರುಮಾಡಿ.

ಹೊದಿಕೆ ಒದ್ದೆ, ಮಣ್ಣು ಒಣ

ಬೇಸಿಗೆಯ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. 10 ಸೆಂ.ಮೀ. ದಪ್ಪದ ಒಣ ಹುಲ್ಲಿನ ಮೇಲೆ ಪೈಪಿನಿಂದ ನೀರು ಚಿಮುಕಿಸಿದರೆ ಚದರ ಮೀಟರಿಗೆ ಮೊದಲ ಎರಡು ಮೂರು ಲೀಟರನ್ನು ಹುಲ್ಲೇ ಕುಡಿಯುತ್ತದೆ. ನೀವು ದಿನಾ ಬಿಡುತ್ತಿರುವುದೇ ಮೂರು ಲೀಟರಾದರೆ ಬೇರಿಗೆ ಸಿಗುವುದು ಹೆಚ್ಚುಕಡಿಮೆ ಸೊನ್ನೆ. ಹುಲ್ಲು ಕುಡಿದ ನೀರು ಮಧ್ಯಾಹ್ನದೊಳಗೆ ಆವಿ. ಮರುದಿನ ಮತ್ತೆ ಅದೇ ಕತೆ. ಹೊದಿಕೆ ಇಲ್ಲದೆಯೇ ಇದ್ದಿದ್ದರೆ ಅಷ್ಟು ನೀರಾದರೂ ಮಣ್ಣಿಗೆ ತಾಗುತ್ತಿತ್ತು.

ಸರಿಪಡಿಸುವುದು ಹೀಗೆ. ಹೊದಿಕೆಯನ್ನೆಲ್ಲ ಮಡಿಯ ಪಕ್ಕಕ್ಕೆ ಎಳೆದು ಹಾಕಿ. ಮಣ್ಣು ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ 2-3 ಸೆಂ.ಮೀ. ಮಾತ್ರ ಕೆದಕಿ, ಆಳಕ್ಕೆ ಹೋದರೆ ಬೇರು ಹರಿಯುತ್ತದೆ. ಪೂರ್ತಿ ಒಣಗಿದ ಕೆಂಪು ಮಣ್ಣನ್ನು 30 ಸೆಂ.ಮೀ. ತನಕ ನೆನೆಸಲು ಚದರ ಮೀಟರಿಗೆ 25ರಿಂದ 30 ಲೀಟರ್ ಬೇಕು, ಎರೆಮಣ್ಣಿಗೆ 45 ಲೀಟರಿನ ಮೇಲೆಯೇ. ಒಂದೇ ಸಲ ಸುರಿದರೆ ಹರಿದು ಹೋಗುತ್ತದೆ. ಮೂರು ಕಂತು ಮಾಡಿ, ನಡುವೆ ಅರ್ಧ ಗಂಟೆ ಬಿಡಿ. ಮರುದಿನ ಬೆಳಗ್ಗೆ ಬಗೆದು ನೋಡಿ, ಹದ ಬಂದಿದ್ದರೆ ಹೊದಿಕೆಯನ್ನು ವಾಪಸ್ ಹಾಸಿ. ಆಮೇಲೆ ದಿನಾ ಚಿಮುಕಿಸುವುದನ್ನು ಬಿಟ್ಟು ಎರಡು ಮೂರು ದಿನಕ್ಕೊಮ್ಮೆ, ಹೊದಿಕೆಯ ಕೆಳಗೆ, 10ರಿಂದ 15 ಲೀಟರ್ ಕೊಡಿ.

ಕೆಳಗೆ ಕೊಡುವುದೆಂದರೆ ಡ್ರಿಪ್ ಪೈಪನ್ನು ಹೊದಿಕೆಯ ಅಡಿಯಲ್ಲಿ ಹಾಯಿಸುವುದು. ಗಂಟೆಗೆ 2 ಲೀಟರಿನ ನಾಲ್ಕು ಡ್ರಿಪ್ಪರ್ ಒಂದು ಚದರ ಮೀಟರಿನಲ್ಲಿದ್ದರೆ ಮುಕ್ಕಾಲು ಗಂಟೆಗೆ 6 ಲೀಟರ್. ಡ್ರಿಪ್ಪರ್ ಕಣ್ಣು ಕಟ್ಟಿಕೊಂಡಿದ್ದು ಹೊದಿಕೆಯಡಿ ಕಾಣುವುದಿಲ್ಲ. ಬೋರ್‌ವೆಲ್ ನೀರಾದರೆ ಹದಿನೈದು ದಿನಕ್ಕೊಮ್ಮೆ ತುದಿಯ ಎಂಡ್ ಕ್ಯಾಪ್ ಬಿಚ್ಚಿ ಪೈಪ್ ತೊಳೆಯಿರಿ, ಪ್ರತಿ ಡ್ರಿಪ್ಪರ್ ಕೆಳಗೂ ಲೋಟ ಇಟ್ಟು ಹನಿ ನೋಡಿ. ಡ್ರಿಪ್ ಇಲ್ಲದವರು ಮಣ್ಣಿನ ಕುಡಿಕೆಯ ತಳಕ್ಕೆ ತೂತು ಮಾಡಿ ಕುತ್ತಿಗೆಯವರೆಗೆ ಹುಗಿದರೂ ನಡೆಯುತ್ತದೆ, ತೂತಿಗೆ ಬಟ್ಟೆಯ ಬತ್ತಿ ತುರುಕಿರಬೇಕು.

ಎಲೆ ಚಾಪೆಗಟ್ಟುವುದು ಇದೇ ದೋಷದ ಇನ್ನೊಂದು ಮುಖ. ಹಲಸು, ಬಾದಾಮಿ, ತೇಗದ ಅಗಲ ಎಲೆಗಳು ಒಂದರ ಮೇಲೊಂದು ಕೂತು ಹೆಂಚು ಹೊದಿಸಿದ ಸೂರಿನ ಹಾಗೆ ನೀರನ್ನು ಅಂಚಿಗೆ ಜಾರಿಸುತ್ತವೆ. ಅಂಚಿನ ಮಣ್ಣು ಕೆಸರು, ನಡುವೆ ಧೂಳು. ಇಂಥ ಎಲೆಯನ್ನು ಕೋಲಿನಿಂದ ಬಡಿದೋ ಕಾಲಿನಿಂದ ತುಳಿದೋ ಚೂರು ಮಾಡಿ, ಮೂರನೇ ಒಂದು ಪಾಲು ಒರಟು ಕಡ್ಡಿ ಅಥವಾ ರಾಗಿ ಹುಲ್ಲು ಬೆರೆಸಿ ಹಾಸಿ. ರಟ್ಟು, ದಿನಪತ್ರಿಕೆ ಹಾಸುವವರೂ ಇದನ್ನೇ ಗಮನಿಸಬೇಕು. ಒಣ ರಟ್ಟಿನ ಮೇಲೆ ಬಿದ್ದ ನೀರು ಕೆಳಗಿಳಿಯುವುದಿಲ್ಲ. ಮೊದಲೇ ಬಕೆಟ್ಟಿನಲ್ಲಿ ನೆನೆಸಿ, ಗೇಣಿಗೊಂದು ತೂತು ಹೊಡೆದು ಹಾಸಬೇಕು.

ಎರೆಮಣ್ಣಿನವರಿಗೆ ಒಂದು ಹೆಚ್ಚಿನ ಕೆಲಸವಿದೆ. ಬಿರುಕು ಬಿಟ್ಟ ನೆಲದ ಮೇಲೆ ನೇರವಾಗಿ ಕಬ್ಬಿನ ರವದಿಯನ್ನೋ ಜೋಳದ ಕಣಕಿಯನ್ನೋ ಹಾಸಿದರೆ ಬಿರುಕು ಮರೆಯಾಗುತ್ತದೆ, ಮುಚ್ಚುವುದಿಲ್ಲ. ಕೊಟ್ಟ ನೀರು ನೇರ ಬಿರುಕಿನ ಆಳಕ್ಕೆ ಇಳಿದುಹೋಗುತ್ತದೆ. ಮೇಲ್ಮಣ್ಣು ಮತ್ತು ಕಳಿತ ಗೊಬ್ಬರವನ್ನು ಬಿರುಕಿಗೆ ತುಂಬಿ, ನಿಧಾನವಾಗಿ ನೀರುಣಿಸಿ ಮಣ್ಣು ಉಬ್ಬಿ ಕೂಡಿಕೊಂಡ ಮೇಲೆ ಹಾಸಿ.

ನೀರು ಮೇಲೆಯೇ ಮಣಿಗಟ್ಟಿ ಜಾರುತ್ತದೆ

ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಮರದ ಹೊಟ್ಟು, ನೀಲಗಿರಿ ಎಲೆ ಒಮ್ಮೆ ಕಟುವಾಗಿ ಒಣಗಿದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕುಂಡಗಳಲ್ಲಿ ಇದು ಜಾಸ್ತಿ. ಹಾಕಿದ ನೀರು ಪಕ್ಕದ ಗೋಡೆಗುಂಟ ಇಳಿದು ತಳದ ತೂತಿನಿಂದ ಹೊರಬರುತ್ತದೆ, ನೋಡುವವರಿಗೆ ಕುಂಡ ತುಂಬ ನೆನೆದಂತೆ ಕಾಣುತ್ತದೆ. ಕುಂಡವನ್ನು ಎತ್ತಿ ನೋಡಿ. ನೀರು ಹಾಕಿದ ಮೇಲೂ ಹಗುರವಾಗಿದ್ದರೆ ಇದೇ ಕಾರಣ.

ಕುಂಡವನ್ನು ನೀರಿನ ಟಬ್ಬಿನಲ್ಲಿ ಅರ್ಧ ಎತ್ತರದವರೆಗೆ 30-40 ನಿಮಿಷ ಇಡಿ, ಕೆಳಗಿನಿಂದ ಹೀರಿಕೊಳ್ಳಲಿ. ನೆಲದ ಮಡಿಯಾದರೆ ನಾಲ್ಕೈದು ಅಂಟುವಾಳದ ಸಿಪ್ಪೆಯನ್ನು ರಾತ್ರಿ ನೆನೆಸಿ, ಕಿವುಚಿ, ಸೋಸಿ 10 ಲೀಟರ್ ನೀರಿಗೆ ಬೆರೆಸಿ ಒಂದು ಸಲ ಹಾಕಿ. ಅದರ ನೊರೆಗುಣಕ್ಕೆ ನೀರಿನ ಬಿಗಿ ಸಡಿಲಗೊಂಡು ಒಳಗಿಳಿಯುತ್ತದೆ. ಬರಿಯ ಹೊಟ್ಟನ್ನಾಗಲಿ ಬರಿಯ ಕೊಕೊಪಿಟ್ಟನ್ನಾಗಲಿ ಬೇಸಿಗೆಯ ಮೇಲ್ಹೊದಿಕೆಗೆ ಬಳಸಲೇಬೇಡಿ ಎನ್ನುವುದೇ ನಮ್ಮ ಸಲಹೆ. ತೆಂಗಿನ ಸಿಪ್ಪೆಯನ್ನು ಕೊಚ್ಚಿ, ನಾರಿನ ಮುಖ ಮಣ್ಣಿನ ಕಡೆಗಿರುವಂತೆ ಕವುಚಿ ಹಾಸಿದರೆ ಕೆಲಸ ಎಷ್ಟೋ ಮೇಲು.

ಎಲೆ ಹಳದಿ

ಯಾವ ಎಲೆ ಎಂದು ನೋಡುವುದೇ ಇಲ್ಲಿನ ಪರೀಕ್ಷೆ.

ಕೆಳಗಿನ ಹಳೆಯ ಎಲೆ ಪೂರ್ತಿ, ನರಸಮೇತ ಹಳದಿಯಾಗಿ ಗಿಡ ಬೆಳೆಯದೆ ನಿಂತಿದ್ದರೆ ಸಾರಜನಕದ ಕೊರತೆ. ಹೊಟ್ಟನ್ನೋ ಹುಲ್ಲನ್ನೋ ಮಣ್ಣಿನೊಳಗೆ ಬೆರೆಸಿದ್ದೀರಾ ಎಂದು ನೆನಪಿಸಿಕೊಳ್ಳಿ. ಮರದ ಹೊಟ್ಟಿನಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 300 ಪಾಲಿಗೂ ಮೀರಿರುತ್ತದೆ, ಬತ್ತದ ಹುಲ್ಲಿನಲ್ಲಿ 60-80. ಇದು 25-30ಕ್ಕಿಂತ ಹೆಚ್ಚಿದ್ದರೆ ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಸಾಲದ ಸಾರಜನಕವನ್ನು ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಮೇಲೆ ಹಾಸಿದಷ್ಟಕ್ಕೆ ಈ ಎಳೆತ ಮಣ್ಣಿನ ಮೇಲ್ಪದರಕ್ಕೆ ಸೀಮಿತ, ಬೇರು ಆಳವಾಗಿರುವ ಗಿಡಕ್ಕೆ ತಟ್ಟುವುದಿಲ್ಲ. ಅಗೆದು ಬೆರೆಸಿದರೆ ಮಾತ್ರ ಪೂರ್ತಿ ಬೇರಿನ ವಲಯಕ್ಕೇ ಹೊಡೆತ. ಹಾಗಾಗಿ ಹಳೆ ಹೊದಿಕೆಯನ್ನು ಮುಂದಿನ ಬೆಳೆಗೆ ಮಣ್ಣಿಗೆ ತಿರುವಿ ಹಾಕುವ ಅಭ್ಯಾಸವಿದ್ದವರು ಪೂರ್ತಿ ಕಪ್ಪಾಗಿ ಕಳಿತ ಭಾಗವನ್ನಷ್ಟೇ ತಿರುವಿ, ಉಳಿದದ್ದನ್ನು ಪಕ್ಕಕ್ಕಿಡಿ.

ಪರಿಹಾರಕ್ಕೆ ಚದರ ಮೀಟರಿಗೆ 10 ಗ್ರಾಂ, ಅಂದರೆ ಸುಮಾರು ಎರಡು ಟೀ ಚಮಚ ಯೂರಿಯಾವನ್ನು 5 ಲೀಟರ್ ನೀರಿನಲ್ಲಿ ಕರಗಿಸಿ ಹೊದಿಕೆ ಸರಿಸಿ ಒದ್ದೆ ಮಣ್ಣಿಗೆ ಕೊಡಿ. ರಾಸಾಯನಿಕ ಬೇಡವೆಂದರೆ ಗಂಜಲ ಒಂದಕ್ಕೆ ನೀರು ಹತ್ತು ಬೆರೆಸಿ ವಾರಕ್ಕೊಮ್ಮೆ ಎರಡು ಮೂರು ಸಲ, ಅಥವಾ 150 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೆನೆಸಿ ತೆಳುಮಾಡಿ. ಗೊಬ್ಬರದ ಗಿಡ, ಅದೇ ಗ್ಲಿರಿಸಿಡಿಯಾ, ಬೇಲಿಯಲ್ಲಿದ್ದರೆ ಅದರ ಹಸಿಸೊಪ್ಪನ್ನು ಹುಲ್ಲಿನಡಿ ತೆಳುವಾಗಿ ಹಾಸಿದರೂ ಸಾಕು.

ಮೇಲಿನ ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಇದು ಕಬ್ಬಿಣದ ಕೊರತೆ. ಗಡಸು ನೀರು ಹಾಯಿಸುವ ತೋಟಗಳಲ್ಲಿ ಸಾಮಾನ್ಯ. ಹೊದಿಕೆಗೂ ಇದಕ್ಕೂ ನಂಟಿಲ್ಲ, ಯೂರಿಯಾ ಹಾಕಿದರೆ ಪ್ರಯೋಜನವಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ.

ಎಲೆಯ ಅಂಚು ಸುಟ್ಟಂತಾಗಿದೆ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ಬೇಸಿಗೆಯಲ್ಲಿ ಎಷ್ಟೋ ಮನೆಗಳ ಗಿಡಗಳು ಆರ್‌ಓ ಯಂತ್ರ ಹೊರಚೆಲ್ಲುವ ನೀರು, ಬಟ್ಟೆ ತೊಳೆದ ನೀರಿನ ಮೇಲೆ ಬದುಕಿದವು. ಈಗಲೂ ಬೇಸಿಗೆಯಲ್ಲಿ ಅದೇ ರೂಢಿ. ಆರ್‌ಓ ಹೊರಚೆಲ್ಲುವ ನೀರಿನಲ್ಲಿ ಮೂಲ ನೀರಿಗಿಂತ ಲವಣ ಹೆಚ್ಚು, ಸೋಪಿನ ನೀರಿನಲ್ಲಿ ಸೋಡಿಯಂ ಹೆಚ್ಚು. ಹಳೆಯ ಎಲೆಗಳ ತುದಿ, ಅಂಚು ಕಂದಾಗಿ ಗರಿಗರಿಯಾಗುವುದು ಇದರ ಗುರುತು. ಮಣ್ಣು ಹದವಾಗಿದ್ದೂ ಹೀಗಾದರೆ ನೀರಿನ ಮೇಲೆಯೇ ಅನುಮಾನ ಇರಲಿ.

ಹೊದಿಕೆಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಒಂದು ಚಿಟಿಕೆ ತೆಗೆದು ನೀರಿನ ಲೋಟಕ್ಕೆ ಹಾಕಿ. ಕರಗಿದರೆ ಉಪ್ಪು. ಎಳೆಎಳೆಯಾಗಿ ತೇಲಿದರೆ ಶಿಲೀಂಧ್ರ, ಅದರ ಮಾತು ಮುಂದೆ ಬರುತ್ತದೆ. ಗಡಸು ನೀರಿನ ಸುಣ್ಣದ ಪದರವಾದರೆ ನೀರಿನಲ್ಲಿ ಕರಗದು, ಎರಡು ಹನಿ ನಿಂಬೆರಸ ಬಿದ್ದರೆ ನೊರೆಯುತ್ತದೆ. ಉಪ್ಪು ಎಂದು ಖಚಿತವಾದರೆ ಹೊದಿಕೆ ಸರಿಸಿ, ಸಿಹಿನೀರು ಸಿಕ್ಕ ದಿನ ಚದರ ಮೀಟರಿಗೆ 40-50 ಲೀಟರ್ ನಿಧಾನವಾಗಿ ಹಾಯಿಸಿ ಬೇರಿನ ಕೆಳಗಿಳಿಸಿ. ಆರ್‌ಓ ನೀರನ್ನು ಸಮಪಾಲು ಬೇರೆ ನೀರಿಗೆ ಬೆರೆಸದೆ ಬಳಸಬೇಡಿ. ಸೊಪ್ಪು, ಬೀನ್ಸ್, ಮೂಲಂಗಿಗೆ ಬೆರೆಸಿಯೂ ಬೇಡ. ತೆಂಗಿನ ಬುಡಕ್ಕೆ ಹೋಗಲಿ. ಹೊದಿಕೆ ತೆಗೆದುಬಿಟ್ಟರೆ ಉಪ್ಪು ಇನ್ನೂ ಬೇಗ ಮೇಲಕ್ಕೆ ಬರುತ್ತದೆ, ಆವಿಯಾಗಲು ಮೇಲೇರುವ ನೀರಿನ ಜೊತೆ ಅದೂ ಏರಿ ಮೇಲೆಯೇ ಉಳಿದುಬಿಡುತ್ತದೆ. ತೊಳೆದಾದ ಮೇಲೆ ಮರೆಯದೆ ಮತ್ತೆ ಹೊದಿಸಿ.

ಬುಡದಲ್ಲಿ ಬಿಳಿ, ಗಿಡ ಬಾಡಿದೆ

ಎಲ್ಲ ಬಿಳಿಯೂ ರೋಗವಲ್ಲ. ಎಲೆಗಳ ನಡುವೆ ಹರಡಿದ ಬಿಳಿ ಎಳೆ, ಅಣಬೆಯ ವಾಸನೆ, ಗಿಡ ಚೆನ್ನಾಗಿದೆ: ಅದು ತರಗು ಕೊಳೆಸುವ ಶಿಲೀಂಧ್ರ, ಬಿಟ್ಟುಬಿಡಿ. ಆದರೆ ಕಾಂಡ ಮಣ್ಣು ಸೇರುವ ಜಾಗದಲ್ಲೇ ಹತ್ತಿಯಂಥ ಬಿಳಿ ಪದರ ಸುತ್ತಿಕೊಂಡು, ಅದರಲ್ಲಿ ಸಾಸಿವೆ ಗಾತ್ರದ ಕಂದು ಕಾಳುಗಳು ಕಂಡರೆ ಸ್ಕ್ಲೆರೋಶಿಯಂ ಬುಡಕೊಳೆ. ಟೊಮ್ಯಾಟೊ, ಮೆಣಸಿನಕಾಯಿ, ಕಡಲೆಕಾಯಿಗೆ ಬರುವ ಹಳೆಯ ಶತ್ರು. ಬಿಸಿ, ತೇವ, ಅರೆಕೊಳೆತ ಕಸ ಮೂರೂ ಒಟ್ಟಿಗೆ ಸಿಕ್ಕರೆ ಅದಕ್ಕೆ ಹಬ್ಬ. ಕಾಂಡಕ್ಕೆ ಆನಿಸಿ ಹೊದಿಕೆ ಒಟ್ಟಿದಾಗ ಸಿಗುವುದು ಅವೇ ಮೂರು.

ಬಾಡಿದ ಗಿಡವನ್ನು ಸುತ್ತ ಗೇಣಗಲ ಮಣ್ಣಿನ ಸಮೇತ ಅಗೆದು ಚೀಲಕ್ಕೆ ತುಂಬಿ ಹೊರಹಾಕಿ. ಕಾಂಪೋಸ್ಟ್ ಗುಂಡಿಗೆ ಖಂಡಿತ ಬೇಡ, ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಪಕ್ಕದ ಗಿಡಗಳ ಬುಡದಿಂದ ಹೊದಿಕೆ 8 ಸೆಂ.ಮೀ. ದೂರ ಸರಿಸಿ ಬಿಸಿಲು ಬೀಳಲು ಬಿಡಿ. ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮದ 50 ಗ್ರಾಂ ಪುಡಿಯನ್ನು 5 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಒಂದು ವಾರ ಇಟ್ಟು, ಚದರ ಮೀಟರಿಗೆ ಒಂದು ಕೆ.ಜಿ.ಯಂತೆ ಹಾಕಿ.

ಬುಡ ಬಿಡಬೇಕಾದ ಅಂತರ ತರಕಾರಿಗೆ 5-8 ಸೆಂ.ಮೀ., ಪಪ್ಪಾಯಿ, ನಿಂಬೆ, ಮಾವಿಗೆ 20-30 ಸೆಂ.ಮೀ. ನಿಂಬೆಯ ಕಾಂಡದಲ್ಲಿ ಅಂಟು ಸೋರುತ್ತಿದ್ದರೆ ಮೊದಲು ಬುಡದ ಹೊದಿಕೆಯನ್ನೂ ಏರಿಸಿದ ಮಣ್ಣನ್ನೂ ತೆಗೆಯಿರಿ, ಔಷಧಿ ಆಮೇಲೆ.

ಗೆದ್ದಲು, ಇರುವೆ

ಒಣ ಹುಲ್ಲಿಗೆ, ರಟ್ಟಿಗೆ ಗೆದ್ದಲು ಬರುವುದು ಸಹಜ. ಮಣ್ಣಿನ ಹೆಕ್ಕಳೆ ಹೊದಿಕೆಯ ಮೇಲಷ್ಟೇ ಇದ್ದರೆ ಅದು ಸತ್ತ ಹುಲ್ಲನ್ನು ತಿನ್ನುತ್ತಿದೆ, ಗಾಬರಿ ಬೇಡ. ಜೀವಂತ ಕಾಂಡದ ಮೇಲೆ ಹತ್ತಿದ್ದರೆ ಕೆರೆದು ನೋಡಿ. ಸಿಪ್ಪೆ ಮಾತ್ರ ಹೋಗಿದ್ದರೆ ಗಿಡ ಉಳಿಯುತ್ತದೆ. ಬಾಯಾರಿದ ಗಿಡವನ್ನೇ ಗೆದ್ದಲು ಆರಿಸಿಕೊಳ್ಳುವುದು ಹೆಚ್ಚು, ಆದ್ದರಿಂದ ಮಣ್ಣಿನ ತೇವ ಸರಿಪಡಿಸುವುದೇ ಮೊದಲ ಮದ್ದು. ಹೊದಿಕೆಯನ್ನು 5 ಸೆಂ.ಮೀ.ಗೆ ಇಳಿಸಿ, ಬುಡದಿಂದ ಒಂದು ಗೇಣು ದೂರ ಇಡಿ, ಚದರ ಮೀಟರಿಗೆ 100 ಗ್ರಾಂ ಬೇವಿನ ಹಿಂಡಿ ಎರಚಿ. ತಿನ್ನುವ ತರಕಾರಿಯ ಬುಡಕ್ಕೆ ಕ್ಲೋರ್‌ಪೈರಿಫಾಸ್ ಕೀಟನಾಶಕ ಸುರಿಯುವವರಿದ್ದಾರೆ, ಆ ದಾರಿ ಹಿಡಿಯಬೇಡಿ. ಮನೆಯ ಗೋಡೆಗೆ ತಾಗಿದಂತೆ ಹೊದಿಕೆ ಹಾಸುವುದೂ ಬೇಡ, ಅರ್ಧ ಮೀಟರ್ ಬರಿನೆಲ ಇರಲಿ.

ಹೊದಿಕೆಯಡಿ ಇರುವೆ ಗೂಡು ಕಟ್ಟಿದ್ದರೆ ಅಲ್ಲಿ ಮಣ್ಣು ಒಣಗಿದೆ ಎಂದೇ ಲೆಕ್ಕ. ಹಿಟ್ಟುತಿಗಣೆ, ಸಸ್ಯಹೇನು ಚಿಗುರಿನಲ್ಲಿವೆಯೇ ನೋಡಿ.

ಎಲೆ ಸುರುಳಿ, ಹುಳಿ ವಾಸನೆ

ಬೇಸಿಗೆಯ ಟೊಮ್ಯಾಟೊದಲ್ಲಿ ಎಲೆ ಮುದುಡುವುದು ಬಹುತೇಕ ಬಿಳಿನೊಣ ತರುವ ವೈರಸ್. ಆದರೆ ಹೊಸ ಹುಲ್ಲು ಹಾಸಿದ ಎರಡು ವಾರದಲ್ಲಿ ಟೊಮ್ಯಾಟೊ, ಬೀನ್ಸ್, ಬದನೆ ಎಲ್ಲವೂ ಒಟ್ಟಿಗೆ ತಿರುಚಿಕೊಂಡರೆ ಹುಲ್ಲಿನಲ್ಲಿ ಕಳೆನಾಶಕದ ಶೇಷ ಇರಬಹುದು. ಎರಡು ಕುಂಡ ತೆಗೆದುಕೊಳ್ಳಿ, ಒಂದರ ಮಣ್ಣಿಗೆ ಆ ಹುಲ್ಲನ್ನು ಕತ್ತರಿಸಿ ಬೆರೆಸಿ, ಇನ್ನೊಂದಕ್ಕೆ ಬೇಡ. ಎರಡರಲ್ಲೂ ಐದೈದು ಅಲಸಂದೆ ಬೀಜ ಹಾಕಿ. ಮೂರು ವಾರದೊಳಗೆ ಒಂದರಲ್ಲಿ ಮಾತ್ರ ಎಲೆ ಬಟ್ಟಲಿನಂತೆ ಮುದುಡಿದರೆ ಉತ್ತರ ಸಿಕ್ಕಂತೆ. ಆ ಹುಲ್ಲನ್ನು ತೋಟದಿಂದ ಹೊರಗೆ ಸಾಗಿಸಿ.

ಹಸಿ ಹುಲ್ಲುಹಾಸಿನ ಕತ್ತರಿಕೆಯನ್ನು ದಪ್ಪಗೆ ಒಟ್ಟಿದರೆ ಗಾಳಿಯಾಡದೆ ಲೋಳೆಯಾಗಿ ಹುಳಿ ವಾಸನೆ ಬರುತ್ತದೆ, ಒಳಗೆ ಕೈಯಿಟ್ಟರೆ ಬಿಸಿ. ಎರಡು ದಿನ ಬಿಸಿಲಲ್ಲಿ ಹರಡಿ ಒಣಗಿಸಿ, 2-3 ಸೆಂ.ಮೀ.ಗಿಂತ ದಪ್ಪ ಹಾಕದಿರಿ. ಬೀಜ ಕಟ್ಟಿದ ಕಾಂಗ್ರೆಸ್ ಗಿಡವನ್ನು ಯಾವ ಕಾರಣಕ್ಕೂ ಹೊದಿಕೆಗೆ ಬಳಸಬೇಡಿ. ಜೇಕು ಇರುವ ನೆಲವಾದರೆ ಗಡ್ಡೆ ಕಿತ್ತೇ ಹೊದಿಸಬೇಕು, ಅದು ಪ್ಲಾಸ್ಟಿಕ್ ಹಾಳೆಯನ್ನೂ ಚುಚ್ಚಿಕೊಂಡು ಮೇಲೆ ಬರುತ್ತದೆ.

ಪ್ಲಾಸ್ಟಿಕ್ ಶೀಟ್ ಹಾಸಿದವರಿಗೆ

ಸಸಿ ನೆಟ್ಟ ವಾರದೊಳಗೆ ಕಾಂಡ ಸುತ್ತ ಕಂದಾಗಿ ಮುರಿದು ಬಿದ್ದರೆ ತೂತಿನ ಸುತ್ತಳತೆ ನೋಡಿ. ಶೀಟಿನಡಿ ಕಾದ ಗಾಳಿ ಆ ಸಣ್ಣ ತೂತಿನಿಂದಲೇ ಹೊರಬಂದು ಎಳೆ ಕಾಂಡವನ್ನು ಬೇಯಿಸುತ್ತದೆ. ತೂತು 7-8 ಸೆಂ.ಮೀ. ಇರಲಿ, ಸುತ್ತ ಒಂದು ಹಿಡಿ ಮಣ್ಣು ಹಾಕಿ ಅಂಚು ಮುಚ್ಚಿ. 25-30 ಮೈಕ್ರಾನಿನ ಎರಡು ಬಣ್ಣದ ಶೀಟಿನಲ್ಲಿ ಬೆಳ್ಳಿ ಬಣ್ಣ ಮೇಲೆ, ಕಪ್ಪು ಕೆಳಗೆ. ತಿರುಗಿಸಿ ಹಾಸಿದ್ದರೆ ಏಪ್ರಿಲ್‌ನಲ್ಲಿ ಅದು ಒಲೆ. ಡ್ರಿಪ್ ಇಲ್ಲದೆ ಶೀಟ್ ಹಾಕುವುದರಲ್ಲಿ ಅರ್ಥವಿಲ್ಲ. ನಾಲ್ಕಾರು ಚದರ ಮೀಟರಿನ ಕೈತೋಟಕ್ಕೆ ಶೀಟಿನ ಅಗತ್ಯವೇ ಇಲ್ಲ, ಬತ್ತದ ಹುಲ್ಲೇ ವಾಸಿ.

ಎಷ್ಟು ಬೇಕು ಎಂಬ ಲೆಕ್ಕ ಸುಲಭ: ಒಂದು ಚದರ ಮೀಟರಿಗೆ 5 ಸೆಂ.ಮೀ. ದಪ್ಪವೆಂದರೆ 50 ಲೀಟರ್, 10 ಲೀಟರಿನ ಬಕೆಟ್ಟಿನಲ್ಲಿ ಐದು. ತರಗು ಕೆಲವೇ ವಾರದಲ್ಲಿ ಅರ್ಧಕ್ಕೆ ಕುಗ್ಗುತ್ತದೆ, ಮೊದಲೇ ದುಪ್ಪಟ್ಟು ಕೂಡಿಟ್ಟುಕೊಳ್ಳಿ. ಬೀಜ ಬಿತ್ತಿದ ಸಾಲಿಗೆ ಇಷ್ಟು ಹಾಸಿದರೆ ಮೊಳಕೆ ಮೇಲೇಳುವುದಿಲ್ಲ. ಕೊತ್ತಂಬರಿ, ದಂಟು, ಮೆಂತ್ಯದ ಮಡಿಗೆ ಹುಲ್ಲನ್ನು ತೆಳುವಾಗಿ ಹರಡಿ, ಮೊಳಕೆ ಕಂಡ ಸಂಜೆಯೇ ಎತ್ತಿಬಿಡಿ. ಸಸಿ ಬೆರಳೆತ್ತರ ಆದ ಮೇಲೆ ಸಾಲುಗಳ ನಡುವೆ ಹಾಸಬಹುದು.

ಮೊದಲ ಮಳೆ ಬಂದಾಗ

ಅಶ್ವಿನಿ, ಭರಣಿಯ ಹೊತ್ತಿಗೆ ಬೀಳುವ 4-5 ಮಿ.ಮೀ. ತುಂತುರಿನ ಹೆಚ್ಚಿನ ಪಾಲು ದಪ್ಪ ಹೊದಿಕೆಯಲ್ಲೇ ಇಂಗಿಹೋಗುತ್ತದೆ. ಮಳೆ ಬಂತೆಂದು ಅಂದು ನೀರು ನಿಲ್ಲಿಸಿಬಿಡುವುದು ಸಾಮಾನ್ಯ ತಪ್ಪು. ತೆರೆದ ಜಾಗದಲ್ಲಿ ನೇರ ಬದಿಯ ಡಬ್ಬಿಯೊಂದನ್ನು ಇಟ್ಟಿರಿ. ಅದರಲ್ಲಿ 10 ಮಿ.ಮೀ.ಗಿಂತ ಕಡಿಮೆ ನಿಂತಿದ್ದರೆ ಎಂದಿನಂತೆ ನೀರು ಕೊಡಿ. ದೊಡ್ಡ ಮಳೆಯ ಮೋಡ ಕಟ್ಟಿದರೆ 10 ಸೆಂ.ಮೀ. ಹೊದಿಕೆಯನ್ನು ಅರ್ಧಕ್ಕೆ ಇಳಿಸಿ ಉಳಿದದ್ದನ್ನು ಕಾಲುದಾರಿಗೆ ಹಾಕಿ. ಬೇಸಿಗೆಯಿಡೀ ಹೊದಿಕೆಯಡಿ ಚಿಪ್ಪಿನೊಳಗೆ ಮಲಗಿದ್ದ ಆಫ್ರಿಕನ್ ಬಸವನಹುಳು ಅಂದು ರಾತ್ರಿಯೇ ಹೊರಬಂದು ಪಪ್ಪಾಯಿ, ಸೊಪ್ಪಿನ ಎಳೆ ಗಿಡ ಸವರುತ್ತದೆ. ಸಂಜೆ ಒದ್ದೆ ಗೋಣಿ ಹಾಸಿ, ಅದರಡಿ ಪಪ್ಪಾಯಿ ಎಲೆ ಇಟ್ಟರೆ ಬೆಳಗಿನ ಹೊತ್ತಿಗೆ ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ.